ಜಗಲಿಯ ಅಡಿಗೆ ತೆವಳಿದ ಮೇಷ್ಟ್ರು

ತೊಂದರೆಗೆಲ್ಲ ಮೂಲ ಒಂದು ಚೀಟಿ. "ಇವತ್ತು ನಾಲ್ಕು ಗಂಟೆಗೆ ಜಿಲ್ಲಾ ಕಚೇರಿಯಿಂದ ಇನ್‌ಸ್ಪೆಕ್ಟರಮ್ಮ ಬರುತ್ತಾರೆ. ಪುಸ್ತಕ ಹಿಡಿದು ಪಾಠ ಮಾಡುವ ಮೇಷ್ಟ್ರುಗಳನ್ನು ಕಂಡರೆ ಅವರಿಗೆ ಆಗದು" ಎಂದು ಬರೆದು, ಶಾಲೆಯ ಗುಮಾಸ್ತೆ ಬೆಳಗ್ಗೆಯೇ ಲೋವೆಲ್ ಟ್ವೇಟನ ಬಾಗಿಲಿಗೆ ಅಂಟಿಸಿ ಹೋಗಿದ್ದಳು.

ಮಿನ್ನೆಸೋಟದ ಆ ಪುಟ್ಟ ಊರಿನಲ್ಲಿ ಲೋವೆಲ್ ಹನ್ನೊಂದು ವರ್ಷದಿಂದ ಬದಲಿ ಮೇಷ್ಟ್ರು. ಒಂಟಿ ಗಂಡಸು. ಕೋಳಿ ಕಾರ್ಖಾನೆಯಲ್ಲಿ ದುಡಿಯುವ ಸೊಮಾಲಿ ಜನರಿಗೆ ಪಾಳಿ ಮುಗಿದ ಮೇಲೆ ಇಂಗ್ಲಿಷ್ ಹೇಳಿಕೊಡುತ್ತಿದ್ದ. ಖಾಯಂ ಹುದ್ದೆಯೊಂದು ಖಾಲಿಯಿತ್ತು. ಇವತ್ತಿನ ಪಾಠ ಮೆಚ್ಚುಗೆಯಾದರೆ ಅದು ಅವನದು. ಇಲ್ಲವಾದರೆ ಯಾವ ಮೇಷ್ಟ್ರಿಗೆ ಯಾವಾಗ ನೆಗಡಿ ಬರುತ್ತದೋ ಎಂದು ಮತ್ತೆ ಫೋನಿನ ಪಕ್ಕ ಕಾಯುತ್ತ ಕೂರುವುದು.

ಪಾಠವೋ ಮಹಾ ಕಿರಿಕಿರಿಯದು. ಇಂಗ್ಲಿಷಿನವರಿಗೆ ಒಬ್ಬ 'ಹೋದ' ಎಂದಷ್ಟೇ ಹೇಳಿದರೆ ಸಮಾಧಾನವಿಲ್ಲ. ಓಡುತ್ತ ಹೋದನೋ, ತೆವಳುತ್ತ ಹೋದನೋ, ಉರುಳುತ್ತ ಹೋದನೋ ಹೇಳಬೇಕು. ಹೇಳಿದ ಮೇಲೂ ಬಿಡುವುದಿಲ್ಲ. ಒಳಕ್ಕೋ, ಹೊರಕ್ಕೋ, ಮೇಲಿಂದಲೋ, ಅಡಿಯಿಂದಲೋ ಎಂದು ಪುಟ್ಟ ಪದವೊಂದನ್ನು ಬಾಲದ ಹಾಗೆ ಕಟ್ಟಬೇಕು. ಆದರೆ ಈಜುವುದಕ್ಕೋ ಮೀನು ಹಿಡಿಯುವುದಕ್ಕೋ ಹೋದರೆ ಮಾತ್ರ ನಡುವೆ ಅಂಥ ಬಾಲ ಕೂಡದು: 'ಗೋ ಫಿಶಿಂಗ್' ಸರಿ, 'ಗೋ ಟು ಫಿಶಿಂಗ್' ತಪ್ಪು. ಯಾಕೆ ಎಂದರೆ ಉತ್ತರವಿಲ್ಲ. ಅತ್ತೆಮನೆಯ ಕಟ್ಟಳೆ ಇದ್ದಂತೆ, ಸುಮ್ಮನೆ ನಡೆದುಕೊಳ್ಳಬೇಕು.

ಬೋರ್ಡಿನ ಮೇಲೆ ಎಷ್ಟು ಬರೆದರೂ ಇದು ಯಾರ ತಲೆಗೂ ಇಳಿದಿರಲಿಲ್ಲ. ಆದ್ದರಿಂದ ಲೋವೆಲ್ ಒಂದು ನಿರ್ಧಾರ ಮಾಡಿದ. ಪಾಠದ ಹನ್ನೆರಡು ವಾಕ್ಯಗಳನ್ನೂ ತಾನೇ ಮಾಡಿ ತೋರಿಸುವುದು. ತೋರಿಸುವ ಮೊದಲು ಅಂಗಳದಲ್ಲಿ ಒಂದು ಸಲ ಅಭ್ಯಾಸ.

ಒಂಬತ್ತು ಗಂಟೆಗೆ ಅವನು ಮನೆಯಿಂದ ಓಡುತ್ತ ಹೊರಗೆ ಬಂದ. ಬಾಗಿಲು ಹಾಕಿ, ತೆಗೆದು, ಓಡುತ್ತ ಒಳಗೆ ಹೋದ. ಕಿಟಕಿಯಿಂದ ಇಳಿಯುತ್ತ ಹೊರಬಿದ್ದ. ಪೊದೆಯ ಮೇಲಿಂದ ಹಾರಿದ. ಪೂರ್ತಿ ಹಾರಲಾಗದೆ ಒಣಹಾಕಿದ ಕಂಬಳಿಯಂತೆ ನಡುವೆ ತೂಗಾಡಿದ.

ಇದನ್ನೆಲ್ಲ ಪಕ್ಕದ ಮನೆಯ ಆರ್ಡಿಸ್ ಪರದೆ ಸರಿಸಿ ನೋಡುತ್ತಿದ್ದಳು. ಬೇರೆ ಊರಾದರೆ "ಏನಯ್ಯಾ ಇದು?" ಎಂದು ಕೇಳಿಬಿಡುತ್ತಿದ್ದರು. ಆ ಊರಿನಲ್ಲಿ ನೇರವಾಗಿ ಕೇಳುವುದು ಅಸಭ್ಯ. ನಿಮ್ಮ ಮನೆಗೆ ಬೆಂಕಿ ಬಿದ್ದರೂ "ಇವತ್ತು ಸ್ವಲ್ಪ ಬೆಚ್ಚಗಿದೆ, ಅಲ್ವಾ?" ಎಂದೇ ಶುರು. ಕೇಳುವ ಬದಲು ಅಲ್ಲಿಯವರು ಏನಾದರೂ ಬೇಯಿಸಿ ತರುತ್ತಾರೆ.

ಹತ್ತು ಗಂಟೆಗೆ ಆರ್ಡಿಸ್ ಆಲೂಗಡ್ಡೆಯ ಬಿಸಿ ಪಾತ್ರೆ ಹಿಡಿದು ಬಂದಳು.

"ಹಿಮ ಎಲ್ಲಾ ಕರಗಿಹೋಯ್ತು ನೋಡು, ಲೋವೆಲ್."

"ಹೂಂ, ಎಲ್ಲಿ ನೋಡಿದ್ರೂ ಕೆಸರು."

"ನಾನೇನೂ ಕೇಳೋಕೆ ಬಂದಿಲ್ಲಪ್ಪ. ಆಲೂಗಡ್ಡೆ ಜಾಸ್ತಿ ಆಯ್ತು, ತಂದೆ. ನಮ್ಮ ದೊಡ್ಡಪ್ಪನಿಗೂ ಹೀಗೇ ಶುರುವಾಗಿದ್ದು."

"ಹೀಗೇ ಅಂದ್ರೆ? ಆರ್ಡಿಸ್, ನಾನು ಪಾಠಕ್ಕೆ..."

"ಅಯ್ಯೋ, ಹೇಳ್ಬೇಡ, ಹೇಳ್ಬೇಡ! ನಿನ್ನ ಒಳಗಿನ ವಿಷಯ ನನಗ್ಯಾಕೆ? ಬಿಸಿಬಿಸಿ ತಿಂದು ಮಲಕ್ಕೋ."

ಆಮೇಲೆ ಬಂದವನು ಎದುರು ಮನೆಯ ವರ್ಲಿನ್. ಹಿಂದೆ ಅಗ್ನಿಶಾಮಕ ದಳದಲ್ಲಿದ್ದವನು. ಹೆಗಲ ಮೇಲೆ ಏಣಿ ಹೊತ್ತು ಬಂದು ಕಿಟಕಿಗೆ ಒರಗಿಸಿದ.

"ಕಿಟಕಿಯಿಂದ ಓಡಾಡೋನಿಗೆ ಇದಿದ್ರೆ ಅನುಕೂಲ."

"ವರ್ಲಿನ್, ಇದು ಬರೀ ಅಭ್ಯಾಸ ಮಾರಾಯ..."

"ಒಳಗೆ ಕರಡಿ ಸೇರ್ಕೊಂಡಿದ್ರೂ ನಾನು ಕೇಳಲ್ಲ. ಕೇಳೋ ಜಾಯಮಾನವೇ ನಂದಲ್ಲ," ಎಂದು ವರ್ಲಿನ್ ಕಿಟಕಿಯಿಂದ ಒಳಗೆ ಬಹಳ ಹೊತ್ತು ಇಣುಕಿ ನೋಡಿದ.

ಮಧ್ಯಾಹ್ನದ ಹೊತ್ತಿಗೆ ಲೋವೆಲನ ಅಡುಗೆಮನೆಯಲ್ಲಿ ಒಂಬತ್ತು ಪಾತ್ರೆಗಳು ಸೇರಿದ್ದವು. ತೊಳೆದು ವಾಪಸು ಕೊಡಲಿ ಎಂದು ಒಂದೊಂದರ ತಳದಲ್ಲೂ ಒಡತಿಯ ಹೆಸರಿನ ಪಟ್ಟಿ ಅಂಟಿಸಿತ್ತು. ಸಾವಿನ ಮನೆಗೂ ಅಷ್ಟು ಊಟ ಬಂದಿರಲಾರದು.

ಮೂರು ಗಂಟೆಗೆ ಉಳಿದದ್ದು ಕೊನೆಯ ವಾಕ್ಯ: ಜಗಲಿಯ ಅಡಿಯಿಂದ ತೆವಳುತ್ತ ಹೋಗುವುದು. ಲೋವೆಲ್ ನೆಲದಿಂದ ಒಂದಡಿ ಮೇಲೆ ಕಟ್ಟಿದ್ದ ಮರದ ಜಗಲಿಯ ಕೆಳಗೆ ತೂರಿದ. ಅರ್ಧ ದೇಹ ಒಳಗೆ ಹೋಯಿತು. ಉಳಿದರ್ಧ ಬರಲಿಲ್ಲ. ಹಿಂದಕ್ಕೂ ಆಗಲಿಲ್ಲ. ಯಾವುದೋ ಮೊಳೆ ಅವನ ಬೆಲ್ಟನ್ನು ಹಳೆಯ ಗೆಳೆಯನಂತೆ ಬಿಗಿಯಾಗಿ ಹಿಡಿದುಕೊಂಡಿತ್ತು.

ಆರ್ಡಿಸ್ ಬಂದು ಹೊರಗೆ ಚಾಚಿದ್ದ ಕಾಲುಗಳ ಹತ್ತಿರ ನಿಂತಳು.

"ಲೋವೆಲ್, ಸಹಾಯ ಏನಾದ್ರೂ ಬೇಕಿತ್ತಾ?"

ಆ ಊರಿನಲ್ಲಿ ಯಾರು ಏನು ಕೊಟ್ಟರೂ ಎರಡು ಸಲ ಬೇಡವೆನ್ನಬೇಕು. ಮೂರನೆಯ ಸಲ ಕೇಳಿದಾಗ "ನೀವು ಇಷ್ಟು ಹೇಳ್ತೀರಂತ" ಎಂದು ಒಪ್ಪಬೇಕು. ಮೊದಲ ಸಲಕ್ಕೇ ಒಪ್ಪಿದವನನ್ನು ಜನ ಹಸಿದ ತೋಳದಂತೆ ನೋಡುತ್ತಾರೆ.

"ಬೇಡ ಬೇಡ, ಆರಾಮಾಗಿದ್ದೀನಿ," ಎಂದ ಲೋವೆಲ್ ಕತ್ತಲೆಯಿಂದ.

"ನಿಜವಾಗ್ಲೂ?"

"ಹೂಂ, ನಿಮಗ್ಯಾಕೆ ತೊಂದರೆ."

ಆರ್ಡಿಸ್ ಮೂರನೆಯ ಸಲಕ್ಕೆ ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಮನೆಯ ಒಲೆಯ ಗಂಟೆ ಹೊಡೆಯಿತು. "ಅಯ್ಯೋ, ನನ್ನ ಕೇಕು!" ಎಂದು ಓಡಿದಳು.

ವರ್ಲಿನ್ ಬಂದ. ಒಂದು ಸಲ ಕೇಳಿದ, ಇನ್ನೊಂದು ಸಲ ಕೇಳಿದ. ಆಮೇಲೆ ತನ್ನ ಹಳೆಯ ಟ್ರಕ್ಕಿನ ವಿಷಯ ನೆನಪಾಗಿ, ಲೋವೆಲನ ಪಾದಗಳಿಗೆ ಇಪ್ಪತ್ತು ನಿಮಿಷ ಅದರ ಗೇರಿನ ಕತೆ ಹೇಳಿದ. ಪಾದಗಳು ಆಗಾಗ ತಲೆಯಾಡಿಸಿದವು. ಕೇಕು ಇಳಿಸಿ ಆರ್ಡಿಸಳೂ ವಾಪಸು ಬಂದಳು. ಆದರೆ ಮುರಿದ ಮಾತನ್ನು ಎಲ್ಲಿಂದ ಹಿಡಿಯಬೇಕೆಂದು ತಿಳಿಯದೆ ಅವಳೂ ನಿಂತು ಗೇರಿನ ಕತೆ ಕೇಳಿದಳು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ, ಕಾರ್ಖಾನೆಯ ರಬ್ಬರ್ ಬೂಟು ಹಾಕಿಕೊಂಡೇ ಕ್ಲಾಸಿಗೆ ಹೊರಟಿದ್ದ ಸಗಲ್ ಆ ದಾರಿಯಲ್ಲಿ ಬಂದಳು. ಲೋವೆಲನ ಶಿಷ್ಯೆ, ಮೂರು ಮಕ್ಕಳ ತಾಯಿ. ಕಾಲುಗಳನ್ನು ನೋಡಿದಳು. ಯಾರನ್ನೂ ಏನೂ ಕೇಳಲಿಲ್ಲ.

"ಮೇಷ್ಟ್ರ ಚಪ್ಪಟೆ ಶೂ ಇದು! ಏನ್ ನೋಡ್ತಾ ನಿಂತಿದ್ದೀರಿ? ನೀವು ಎಡಗಾಲು ಹಿಡೀರಿ. ಅಮ್ಮಾ, ನೀವು ಬಲಗಾಲು. ಎಳೀರಿ!"

"ಅವನು ಬೇಡ ಅಂದನಲ್ಲಮ್ಮ..." ಎಂದ ವರ್ಲಿನ್.

"ಎಳೀರಿ ಅಂದ್ನಲ್ಲ!"

ಎಳೆದರು. ಮೇಷ್ಟ್ರು ಬಂದರು, ಬೆಲ್ಟು ಮೊಳೆಗೇ ಉಳಿಯಿತು.

ಶಾಲೆಯಲ್ಲಿ ಇನ್‌ಸ್ಪೆಕ್ಟರಮ್ಮ ಹಿಂದಿನ ಬೆಂಚಿನಲ್ಲಿ ಗಡಿಯಾರ ನೋಡುತ್ತ ಕುಳಿತಿದ್ದಳು. ಹೆಸರು ಮಿಸೆಸ್ ಪೆಟ್ರಿಲ್ಲೊ. ಶಿಕಾಗೊ ಬಿಟ್ಟು ಈ ಜಿಲ್ಲೆಗೆ ಬಂದು ಎರಡು ವಾರವಾಗಿತ್ತು. ಸಗಲ್ ಬಂದು ಕುಳಿತ ಹಿಂದೆಯೇ ಬಾಗಿಲು ದಡಾರನೆ ತೆರೆಯಿತು. ಅಡಿಯಿಂದ ಮುಡಿಯವರೆಗೆ ಕೆಸರಾದ ಮೇಷ್ಟ್ರು ಒಳಗೆ ನುಗ್ಗಿ, ಕಸದ ಬುಟ್ಟಿ ಎಡವಿ, ಮೇಜಿನ ಅಡಿಗೆ ಜಾರಿ ಮಾಯವಾದರು.

"ಇದೇನಿದು? ಯಾರಾದ್ರೂ ಹೇಳ್ತೀರಾ?" ಎಂದಳು ಪೆಟ್ರಿಲ್ಲೊ.

ಸಗಲ್ ಎದ್ದು ನಿಂತಳು. ಮೇಷ್ಟ್ರು ಜಗಲಿಯ ಅಡಿಯಿಂದ ಹೇಗೆ ಬಂದರು, ಬೀದಿ ದಾಟಿ ಹೇಗೆ ಓಡಿದರು, ಬುಟ್ಟಿಯ ಮೇಲಿಂದ ಹೇಗೆ ಬಿದ್ದರು, ಮೇಜಿನ ಅಡಿಗೆ ಹೇಗೆ ಸೇರಿದರು, ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಒಂದು ಬಾಲವೂ ತಪ್ಪಲಿಲ್ಲ. "ಇವತ್ತು ಮೀನು ಹಿಡಿಯೋಕೆ ಮಾತ್ರ ಹೋಗಿಲ್ಲ," ಎಂದು ಮುಗಿಸಿದಾಗ, ಬಾಲ ಕೂಡದ ಕಡೆ ಬಾಲ ಹಾಕಿರಲಿಲ್ಲ. ಉಳಿದವರೂ ಒಬ್ಬರ ಮೇಲೊಬ್ಬರು ಬಿದ್ದು ಮೇಷ್ಟ್ರ ಪತನವನ್ನು ಸರಿಯಾಗಿ ವರ್ಣಿಸಿದರು.

ಪೆಟ್ರಿಲ್ಲೊ ಚಪ್ಪಾಳೆ ತಟ್ಟಿದಳು. "ಇಂಥ ಪಾಠ ನಾನು ನೋಡೇ ಇಲ್ಲ! ಮಿಸ್ಟರ್ ಟ್ವೇಟ್, ಖಾಯಂ ಹುದ್ದೆ ನಿಮಗೇ. ತಗೋತೀರಾ?"

ಮೇಜಿನ ಅಡಿಯಿಂದ ಲೋವೆಲನ ತಲೆ ಹೊರಬಂತು. ಕಣ್ಣಲ್ಲಿ ನೀರು. ಹನ್ನೊಂದು ವರ್ಷ!

"ಅಯ್ಯೋ, ನನಗೆಲ್ಲಿ ಆ ಯೋಗ್ಯತೆ," ಎಂದ. "ಬೇಡ ಬೇಡ."

"ನಿಜವಾಗ್ಲೂ ಬೇಡವಾ?"

"ನಿಜವಾಗ್ಲೂ. ಬೇರೆ ಯಾರಿಗಾದ್ರೂ ಕೊಡಿ," ಎಂದು ಲೋವೆಲ್ ಹೃದಯ ತುಂಬಿ ನಕ್ಕು, ಮುಂದಿನ ಮಾತನ್ನು ನಾಲಿಗೆಯ ತುದಿಯಲ್ಲಿ ಸಿದ್ಧ ಇಟ್ಟುಕೊಂಡ.

ಪೆಟ್ರಿಲ್ಲೊ ಬೇಸರದಿಂದ ತರಗತಿಯತ್ತ ತಿರುಗಿದಳು. "ಸರಿ. ಇಲ್ಲಿ ಮೊದಲು ಮೇಷ್ಟ್ರ ಕೆಲಸ ಮಾಡಿದೋರು ಯಾರಾದ್ರೂ ಇದ್ದೀರಾ? ಬೇಕಾ ಈ ಹುದ್ದೆ?"

"ಬೇಕು," ಎಂದಳು ಸಗಲ್. ತನ್ನ ಹುಟ್ಟೂರು ಕಿಸ್ಮಾಯೊದಲ್ಲಿ ಒಂಬತ್ತು ವರ್ಷ ಪಾಠ ಮಾಡಿದ ಪ್ರಮಾಣಪತ್ರ ಊಟದ ಡಬ್ಬಿಯ ಕೆಳಗಿಂದ ಹೊರಬಂತು. ಐದು ನಿಮಿಷದಲ್ಲಿ ಕಾಗದಕ್ಕೆ ಸಹಿ ಬಿತ್ತು.

ಇನ್‌ಸ್ಪೆಕ್ಟರಮ್ಮ ಹೋದ ಮೇಲೆ ಸಗಲ್ ಮೆಲ್ಲಗೆ ಹತ್ತಿರ ಬಂದಳು.

"ಮೇಷ್ಟ್ರೇ, ಕೈಗೆ ಬಂದದ್ದನ್ನ ಯಾಕೆ ಬೇಡ ಅಂದ್ರಿ?"

"ಮೂರನೇ ಸಲ ಕೇಳ್ತಾರೆ ಅಂತ ಕಾಯ್ತಿದ್ದೆ, ಸಗಲ್."

"ಕೇಳಿದ್ರಲ್ಲ," ಎಂದು ಸಗಲ್ ಅವನ ಕೈಯಿಂದ ಹಾಜರಿ ಪುಸ್ತಕ ತೆಗೆದುಕೊಂಡಳು. "ನನ್ನನ್ನ."