ಚಿತ್ರದಲ್ಲಿ ನನ್ನ ಗಿಡ್ಡ ಕಾಲು

ನಾನು ಬಹಳ ವಿನಯವಂತನೆಂದು ನಮ್ಮೂರು ರೋಣದಲ್ಲಿ ಹೆಸರಾಗಿತ್ತು. ಯಾವ ಸಭೆಗೆ ಹೋದರೂ ಎಲ್ಲರಿಗಿಂತ ಮೊದಲು ಬಂದು ಕೂಡುವುದು, ಎಲ್ಲರೂ ಹೋದ ಮೇಲೆ ಏಳುವುದು. ನಿಜ ಹೇಳಬೇಕೆಂದರೆ ಅದು ವಿನಯವಲ್ಲ, ಕಾಲು. ಚಿಕ್ಕಂದಿನ ಜ್ವರವೊಂದು ನನ್ನ ಎಡಗಾಲನ್ನು ಎರಡು ಬೆರಳು ಗಿಡ್ಡ ಮಾಡಿ ಹೋಗಿತ್ತು. ಅದನ್ನು ಮುಚ್ಚಲು ಧೋತರವನ್ನು ಎಡಗಡೆ ಇಳಿಬಿಟ್ಟು ಉಡುತ್ತಿದ್ದೆ. ಇಂಥವನು ಆರಿಸಿಕೊಂಡ ವಾದ್ಯ ನೋಡಿ: ಎರಡೂ ಕಾಲಿನಿಂದ ಗಾಳಿ ತುಂಬಿ ನುಡಿಸುವ, ನಾಟಕದವರ ಕಾಲುಪೇಟಿ, ಅಂದರೆ ಕಾಲಿನ ಹಾರ್ಮೋನಿಯಂ! ಎಡಗಾಲಿನ ಸರದಿ ಬಂದಾಗ ಹಿಮ್ಮಡಿ ತುಳಿಯುವ ಹಲಗೆಗೆ ಮುಟ್ಟದೆ ಸ್ವರ ಒಂದಿಷ್ಟು ಕುಗ್ಗುತ್ತಿತ್ತು. ನಮ್ಮ ಹಾಡುಗಾರರು ಅಲ್ಲೇ ಉಸಿರು ತೆಗೆದುಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದರು. ಕೇಳುವವರು ಅದನ್ನು ಭಾವವೆಂದು ತಲೆದೂಗುತ್ತಿದ್ದರು. ಪೇಟಿಯ ಒಂದು ಕಾಲೂ ಗಿಡ್ಡವಾಗಿ, ಅದರ ಕೆಳಗೆ ಇಟ್ಟಂಗಿ ಇತ್ತು. ಅದಕ್ಕೇನೂ ನಾಚಿಕೆ ಇದ್ದಂತಿರಲಿಲ್ಲ.

ನಮ್ಮ ಭಾಗ ಮುಂಬಯಿ ರಾಜ್ಯದಲ್ಲಿದ್ದ ಕೊನೆಯ ವರ್ಷ, ಗಜೇಂದ್ರಗಡದಲ್ಲಿ ನಾಟಕದ ಪರದೆ ಬರೆಯುತ್ತಿದ್ದ ಶಂಕ್ರಪ್ಪ ತನ್ನ ಚಿತ್ರಗಳನ್ನು ರೋಣದ ಸಾಲೆಯಲ್ಲಿ ಪ್ರದರ್ಶನಕ್ಕಿಡುವುದೆಂದಾಯಿತು. ಪೇಟಿಯ ಮುಂದೆ ನನ್ನನ್ನು ಕೂಡಿಸಿ ಬರೆಯುತ್ತ ಕೇಳಿದ: "ಮಾಸ್ತರ್ರ, ಕಾಲು ಇದ್ದಂಗ ಬರೀಲ್ರೀ, ಇಲ್ಲಾ ನಿಮಗ ಬೇಕಾದಂಗ ಬರೀಲ್ರೀ?"

"ಎರಡೂ ಸಮ ಬರಿಯಪಾ," ಎಂದೆ. "ಇಟ್ಟಂಗಿ ಇದ್ದಂಗ ಇರಲಿ." ಕಲೆಯಲ್ಲಿ ಸ್ವಲ್ಪವಾದರೂ ಸತ್ಯ ಬೇಕಲ್ಲ.

ಮೊದಲ ದಿನ ಚಿತ್ರದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಹೊಗಳಿಕೆಗೆ ಕಾದೆ. ಶಂಕ್ರಪ್ಪ ರಾಮನಿಗೂ ರಾವಣನಿಗೂ ಒಂದೇ ಮುಖ ಬರೆಯುವವನು. ನನಗೂ ಅದೇ ಮುಖ ಸಿಕ್ಕಿತ್ತು. ಜನ ಬಂದರು, ಇಟ್ಟಂಗಿ ನೋಡಿ "ಪೇಟಿ ನಮ್ಮೂರದ ಐತಿ" ಎಂದರು, ಮುಂದೆ ಹೋದರು. ನನ್ನ ಹೆಂಡತಿ ಗಂಗವ್ವ ಬಗ್ಗಿ ನೋಡಿ, "ಪೇಟಿ ಖರೇ ನಮ್ಮದ. ಮುಂದ ಕುಂತಾವ ಯಾರ್ರಿ?" ಎಂದಳು. ಇಷ್ಟು ವರ್ಷ ನುಡಿಸಿಯೂ ಊರಿನವರ ಕಣ್ಣಲ್ಲಿ ನಾನು ಒಂದು ಇಟ್ಟಂಗಿಯಷ್ಟೂ ಉಳಿಯಲಿಲ್ಲವಲ್ಲ ಎಂದು ನಿಜವಾಗಿಯೂ ಅಳು ಬಂತು.

ಕುಂಟುತ್ತಲೇ ಶಂಕ್ರಪ್ಪನ ಬಳಿ ಓಡಿದೆ. "ಕಾಲು ಇದ್ದಂಗ ಬರದ್ಬಿಡಪಾ, ಲಗೂ!" ಅವನು ಕುಂಚ ತೆಗೆದು ಒಂದು ಹಿಮ್ಮಡಿಯನ್ನು ಮೇಲಕ್ಕೆತ್ತಿದ. ಮರುದಿನ ನೋಡಬೇಕು! "ಅಲಲಾ, ನಮ್ಮ ಪೇಟಿ ಮಾಸ್ತರ್ರು! ಥೇಟ್ ಹಂಗ ಕುಂತಾರ ನೋಡ್ರಿ!" ಪಕ್ಕದೂರು ಜಕ್ಕಲಿಯಿಂದ ಬಂದವರೂ ಗುರುತು ಹಿಡಿದರು. ಅಂದು ನಾನು ಎಲ್ಲರೆದುರೇ ಎದ್ದು ನಡೆದೆ.

ಚಿತ್ರ ಈಗ ನಮ್ಮ ಪಡಸಾಲೆಯಲ್ಲಿದೆ. ತಂದು ತೂಗುಹಾಕಿದ ಎಂಟನೆಯ ದಿನ ಕಣ್ಣಿಗೆ ಬಿತ್ತು: ಶಂಕ್ರಪ್ಪ ಗಿಡ್ಡ ಮಾಡಿದ್ದು ಬಲಗಾಲನ್ನು! ಗಂಗವ್ವನನ್ನು ಕರೆದು ತೋರಿಸಿದೆ. ಆಕೆ ಚಿತ್ರ ನೋಡಿದಳು, ನನ್ನನ್ನು ನೋಡಿದಳು. "ಹೌದಲ್ಲಾ, ನಿಮ್ಮದು ಯಾವ ಕಾಲ್ರಿ?" ಎಂದಳು.

ಇಪ್ಪತ್ತು ವರ್ಷದ ಸಂಸಾರ! ಮರುದಿನದಿಂದ ಧೋತರವನ್ನು ಎಡಗಡೆ ಎತ್ತಿ ಕಟ್ಟುತ್ತಿದ್ದೇನೆ, ಇನ್ನಾದರೂ ಜನ ನೋಡಲಿ ಎಂದು.