ಜೂನ್ ಒಂದರ ಮಕ್ಕಳು

ಮಗಳಿಗೆ ಪ್ರವೇಶ ಪರೀಕ್ಷೆಯಲ್ಲಿ ನೂರಕ್ಕೆ ನೂರೆಂಟು ಅಂಕ ಬಂದಿದೆ ಎಂದು ಹೊಸದುರ್ಗದ ಜುಂಜೇಶ್ ಬೆಳಗಾಗುತ್ತಲೇ ಬೀದಿಗೆಲ್ಲ ಪೇಡೆ ಹಂಚಿಬಿಟ್ಟ. ನೂರಕ್ಕೆ ನೂರೆಂಟು ಹೇಗೆ ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಬಾಯಲ್ಲಿ ಪೇಡೆ ಇರುವಾಗ ಲೆಕ್ಕ ಕೇಳುವಷ್ಟು ಒರಟರಲ್ಲ ನಮ್ಮ ಜನ.

ಹತ್ತು ಗಂಟೆಗೆ ಮಗಳು ಮಾನಸಳನ್ನು ಬೈಕಿನಲ್ಲಿ ಕೂರಿಸಿಕೊಂಡು ವಸತಿಶಾಲೆಗೆ ಹೋದರೆ, ಗುಮಾಸ್ತ ಕನಕರಾಜ್ ಪಟ್ಟಿ ನೋಡಿ ತಲೆಯಾಡಿಸಿದ.

"ಸೀಟು ಸಿಕ್ಕಿಲ್ಲ ಕಣ್ರಿ. ಕೊನೇ ಸೀಟು ನೂರೊಂಬತ್ತಕ್ಕೆ ನಿಂತೈತೆ."

"ಏನ್ರಿ ಇದು! ನೂರು ದಾಟಿದ್ರೂ ಸಾಲಲ್ವಾ?"

"ಇದು ನೂರಕ್ಕಲ್ರಿ, ವಯಸ್ಸು ನೋಡಿ ಸರಿಮಾಡಿದ ಅಂಕ. ಮಗೂನ ಅದೇ ವಯಸ್ಸಿನ ಮಕ್ಕಳ ಜೊತೆ ಹೋಲಿಸ್ತಾರೆ. ಇಬ್ರೂ ಅಷ್ಟೇ ಸರಿ ಉತ್ತರ ಬರೆದಿದ್ರೂ ಚಿಕ್ಕೋರಿಗೆ ಅಂಕ ಸ್ವಲ್ಪ ಜಾಸ್ತಿ, ದೊಡ್ಡೋರಿಗೆ ಕಮ್ಮಿ. ನಿಮ್ಮ ಹುಡುಗಿ ಹುಟ್ಟಿರೋದು ಜೂನ್ ಒಂದಕ್ಕೆ, ದೊಡ್ಡೋರ ಸಾಲಿನಾಗೆ ಅದಾಳೆ."

ಜುಂಜೇಶ್ ಕೂತಲ್ಲಿಂದ ಎದ್ದೇಬಿಟ್ಟ. ಮಾನಸ ಹುಟ್ಟಿದ್ದು ನವೆಂಬರಿನಲ್ಲಿ! ಒಂದನೇ ತರಗತಿಗೆ ವಯಸ್ಸು ಸಾಲದೆಂದು ಹೆಡ್‌ಮೇಷ್ಟ್ರು ಮೂರ್ತಪ್ಪನವರೇ ಜೂನ್ ಒಂದು ಎಂದು ಬರೆದು ಉಪಕಾರ ಮಾಡಿದ್ದರು.

"ನವೆಂಬರ್ ಆದ್ರೆ ನೂರಹನ್ನೊಂದು ಆಗ್ತೈತೆ, ಸೀಟು ನಿಮ್ದೇ. ನಾಲ್ಕು ಗಂಟೆಯೊಳಗೆ ತಾಯಿ ಕಾರ್ಡೂ ಮೇಷ್ಟ್ರ ಪತ್ರಾನೂ ತರ್ರಿ," ಎಂದ ಕನಕರಾಜ್.

ಹೆರಿಗೆಯ ತಾಯಿ ಕಾರ್ಡು ಇದ್ದದ್ದು ಬಿ.ದುರ್ಗದ ಅತ್ತೆ ಹುಚ್ಚಕ್ಕನ ಟ್ರಂಕಿನಲ್ಲಿ. ಬೈಕು ಅತ್ತ ಓಡಿತು. ಹುಚ್ಚಕ್ಕ ಒಂದೊಂದೇ ಸೀರೆ ಹೊರತೆಗೆದು, ಅದು ಯಾರ ಮದುವೆಗೆ ಬಂದದ್ದೆಂದು ಹೇಳಿ, ಮಡಚಿ, ಕೊನೆಗೆ ತಳದಿಂದ ಕಾರ್ಡು ತೆಗೆದಳು.

"ಉಂಡು ಹೋಗ್ರಿ ಅಳಿಯಂದ್ರೇ, ಮುದ್ದೆ ತಿರುವ್ತೀನಿ."

"ಅತ್ತೆ, ಟೈಮಿಲ್ಲ!"

"ಹೊಟ್ಟೆಗೆ ಟೈಮಿಲ್ದಂಗೆ ಏನ್ ಸೀಟ್ರಿ ಅದು? ಕುಂತ್ಕಳ್ರಿ."

ಎರಡು ಮುದ್ದೆ ನುಂಗಿ, ತೇಗುತ್ತಾ ಹೊಸದುರ್ಗಕ್ಕೆ ವಾಪಸಾಗಿ ಮೂರ್ತಪ್ಪ ಮೇಷ್ಟ್ರ ಬಾಗಿಲು ತಟ್ಟುವಾಗ ಮೂರು ಗಂಟೆ. ನಿವೃತ್ತರಾದ ಮೇಷ್ಟ್ರಿಗೆ ಕಿವಿ ಸ್ವಲ್ಪ ಮಂದ. ಜುಂಜೇಶ್ ಅಂಕದ ಲೆಕ್ಕವನ್ನು ಕೂಗಿ ಕೂಗಿ ಮೂರು ಸಲ ವಿವರಿಸಿದ. ಎಷ್ಟಾದರೂ ಹೊಸದಾಗಿ ಕಲಿತ ವಿದ್ಯೆ, ಹೇಳಲು ಹುರುಪಿತ್ತು.

"ಚಿಕ್ಕೋರಾದ್ರೆ ಜಾಸ್ತಿನಾ!" ಮೇಷ್ಟ್ರ ಮುಖ ಬಾಡಿತು. "ಆ ವರ್ಷ ಸೇರಿದ ಹನ್ನೊಂದು ಮಕ್ಕಳಿಗೂ ಜೂನ್ ಒಂದೇ ಬರೆದಿದ್ದೆ ಕಣಪ್ಪ. ಒಳ್ಳೇದಾಗ್ಲಿ ಅಂತ ಬರೆದೆ. ಎಂಥಾ ಅನ್ಯಾಯ ಆತು!"

ಪಾಪ, ಅವರ ಕಣ್ಣಲ್ಲಿ ನೀರೇ ಬಂತು. ಪತ್ರ ಬರೆದು ಸಹಿ ಹಾಕಿಕೊಟ್ಟರು.

ಮೂರೂ ನಲವತ್ತಕ್ಕೆ ಕನಕರಾಜ್ ಕಂಪ್ಯೂಟರಿನಲ್ಲಿ ತಾರೀಖು ತಿದ್ದಿದ. ನೂರಹನ್ನೊಂದು! ಜುಂಜೇಶ್ ಮಗಳನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಹಾಸ್ಟೆಲಿಗೆ ಯಾವ ಬಣ್ಣದ ಬಕೆಟ್ ತರಬೇಕು ಎಂದೂ ಕೇಳಿದ.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಒಂದು ಆಟೋ ಬಂದು ನಿಂತಿತು. ಮೂರ್ತಪ್ಪ ಮೇಷ್ಟ್ರು ಇಳಿದರು. ಅವರ ಹಿಂದೆ ಜುಂಜೇಶನ ಪಕ್ಕದ ಮನೆಯ ಓಬಕ್ಕ, ಅವಳ ಮೊಮ್ಮಗಳು ಅನುಪಮಾ. ಓಬಕ್ಕನ ಕೈಯಲ್ಲೊಂದು ತಾಯಿ ಕಾರ್ಡು.

"ನಿಂಗೊಬ್ಬಂಗೆ ಸರಿಮಾಡಿ ಉಳಿದೋರ್ನ ಬಿಟ್ರೆ ಹೆಂಗಪ್ಪ ಜುಂಜೇಶ?" ಎಂದರು ಮೇಷ್ಟ್ರು. "ಈ ಪರೀಕ್ಷೆ ಬರೆದಿದ್ದ ಇನ್ನೊಂದು ಕೂಸು ಇದು. ನೀನು ಹೇಳಿದ್ದಕ್ಕೆ ಗೊತ್ತಾತು ನೋಡು, ಪುಣ್ಯ ಬರ್ತೈತೆ ನಿಂಗೆ."

ಅನುಪಮಾ ಹುಟ್ಟಿದ್ದು ಜೂನ್ ಒಂದಲ್ಲ, ನವೆಂಬರೂ ಅಲ್ಲ. ಮಾನಸ ಹುಟ್ಟಿದ ಮಾರನೇ ವರ್ಷದ ಮಾರ್ಚಿ. ಮನೆಯಲ್ಲಿ ಗಲಾಟೆ ಮಾಡುತ್ತಾಳೆಂದು ಬೇಗ ಶಾಲೆಗೆ ತಳ್ಳಿದ್ದರು. ಕನಕರಾಜ್ ತಾರೀಖು ಒತ್ತಿದ. ನೂರಾ ಆರು ಇದ್ದದ್ದು ನೂರಹನ್ನೆರಡಾಗಿ, ಮಾನಸಳ ನೂರಹನ್ನೊಂದನ್ನು ಪಟ್ಟಿಯಿಂದ ಕೆಳಗೆ ತಳ್ಳಿ ಕೊನೆಯ ಸೀಟಿನಲ್ಲಿ ಕೂತಿತು.

"ನಿನ್ನ ಉಪಕಾರ ಮರೆಯಾಕಿಲ್ಲ ಕಣಪ್ಪ," ಎಂದು ಓಬಕ್ಕ ಜುಂಜೇಶನ ಕೆನ್ನೆ ಸವರಿ ನೆಟಿಗೆ ಮುರಿದಳು.

ಮಾನಸ ಅಪ್ಪನ ಅಂಗಿ ಜಗ್ಗಿದಳು.

"ಅಪ್ಪಾಜಿ, ನಾನು ಇನ್ನೊಂಚೂರು ಲೇಟಾಗಿ ಹುಟ್ಟಿದ್ರೆ ಆಗ್ತಿರ್ಲಿಲ್ವಾ?"