ದ್ಯಾಮಪ್ಪನ ಮೀಸೆಯೂ ನಲವತ್ತಮೂರು ಹೆಸರುಗಳೂ

ಲೇಖನಿಯು ಶಸ್ತ್ರಸಂನ್ಯಾಸ ಮಾಡಿ, ಕೀಲಿಮಣೆಯೇ ಕುರುಕ್ಷೇತ್ರವಾದ ಈ ಕಡೆಗಾಲದಲ್ಲಿ, ಗದಗ ಸೀಮೆಯ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಒಂದೇ ಹಳೆಯ ಫಾಂಟಿಗೆ ಏಕಪತ್ನೀವ್ರತಸ್ಥನಾಗಿದ್ದ ದುಂಡಕ್ಷರಧುರಂಧರ, ಮೊಹರುಮಾರ್ತಾಂಡ, ಪೊದೆಮೀಸೆಯ ಗುಮಾಸ್ತ ದ್ಯಾಮಪ್ಪ ಹೊಸಮನಿಯ ಪರಾಕ್ರಮವನ್ನು, ಎಲೈ ವಾಗ್ದೇವಿಯೇ, ನಗದೆ ನುಡಿಸು!

ಅಂದು ಸಂಜೆ ಐದರೊಳಗೆ ಹತ್ತನೆಯ ತರಗತಿಯ ನಲವತ್ತಮೂರು ಹೆಸರುಗಳು ಜಿಲ್ಲಾ ಕಚೇರಿಗೆ ಮುಟ್ಟಬೇಕು. ಇಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ. ಹತ್ತೊಂಬತ್ತನೆಯ ಹೆಸರು ಅವನ ಮಗಳು ಪುಷ್ಪಲತೆಯದು. ಹೆಸರುಗಳು ಈಮೇಲ್‌ನಲ್ಲಿ ಹೋದವು. ಕಚೇರಿಯ ಆಪರೇಟರ್ ರುಕ್ಸಾನಾ ಫೋನ್ ಮಾಡಿದಳು.

"ಹೊಸಮನಿಯವರ, ಒಂದೂ ಹೆಸರು ಓದಾಕ ಬರವಲ್ದು. ಬರೇ ಇಂಗ್ಲಿಷ್ ಅಕ್ಷರ, ತೆಲಿ ಮ್ಯಾಲೆ ಚುಕ್ಕಿ ಹೊತ್ಕೊಂಡು ಕುಂತಾವ."

ಗರ್ಜಿಸಿದನು ವೀರನು: "ಮೇಡಂ! ನನ್ನ ಕಂಪ್ಯೂಟರಿನ್ಯಾಗ ಮುತ್ತಿನಂಗ ಕಾಣಾಕತ್ತಾವ! ತಪ್ಪು ನಂದಾಗಿದ್ರ ಈ ಮೀಸಿ ಬೋಳಿಸ್ತೀನಿ!"

ಅಕ್ಷರಗಳನ್ನು ದಪ್ಪ ಮಾಡಿ ಕಳಿಸಿದ. ದೊಡ್ಡದು ಮಾಡಿ ಕಳಿಸಿದ. ಇಂಗ್ಲಿಷ್ ಅಕ್ಷರಗಳೇ ದಪ್ಪಗೆ, ದೊಡ್ಡದಾಗಿ ಕುಳಿತವು. ಆಗ ಆ ರಣಕಲಿಯು ಕಂಪ್ಯೂಟರನ್ನೇ ಕಿತ್ತು, ಚಾದರದಲ್ಲಿ ಸುತ್ತಿ, ಹೆಗಲಿಗೇರಿಸಿ ಬಸ್ಸು ಹತ್ತಿದನು. ಕಂಡಕ್ಟರ್ ಆ ಗಂಟಿಗೂ ಅರ್ಧ ಟಿಕೆಟ್ ಹರಿದನು.

ನಾಲ್ಕೂವರೆಗೆ ಕಚೇರಿಯ ಮೇಜಿನ ಮೇಲೆ ಹೆಸರುಗಳು ಫಳಫಳನೆ ಹೊಳೆದವು. "ಈಗ ಏನಂತೀರಿ?" ಎಂದು ಮೀಸೆ ತಿರುವಿದನು ದ್ಯಾಮಪ್ಪ.

"ಚಂದ ಅದಾವ್ರೀ. ಇನ್ನ ಬೆಂಗಳೂರಿನ ಬೋರ್ಡಿಗೂ ಹಿಂಗ ಹೊತ್ಕೊಂಡು ಹೋಗ್ತೀರೇನು?" ಎಂದಳು ರುಕ್ಸಾನಾ. "ನಿಮ್ಮ ಫಾಂಟಿನ್ಯಾಗ ಒಳಗಿರೋದು ಇಂಗ್ಲಿಷ್ ಅಕ್ಷರ, ಮ್ಯಾಲೆ ಕನ್ನಡದ ವೇಷ. ಆ ಫಾಂಟ್ ಇಲ್ಲದ ಕಡೆ ವೇಷ ಕಳಚಿ ಬೀಳ್ತದ. ಯೂನಿಕೋಡಿನ್ಯಾಗ ಕನ್ನಡದ ಒಂದೊಂದು ಅಕ್ಷರಕ್ಕೂ ತನ್ನದೇ ನಂಬರ್ ಅದ, ಎಲ್ಲಾ ಕಂಪ್ಯೂಟರಿಗೂ ಗೊತ್ತು. ಇದನ್ನ ಬದಲ್ಸೋ ಗುಂಡಿ ನಿಮ್ಮ ಕಂಪ್ಯೂಟರಿನ್ಯಾಗ ಐತಿ. ಒತ್ತಿಲ್ಲೇನು?"

"ಅದು... ಅಲಂಕಾರಕ್ಕ ಇಟ್ಟಾರ ಅಂದ್ಕೊಂಡಿದ್ದೆ."

ಆಕೆ ಒಂದು ಸಲ ಒತ್ತಿದಳು. ನಲವತ್ತಮೂರೂ ಹೆಸರುಗಳು, ಪುಷ್ಪಲತೆಯ ಒತ್ತಕ್ಷರದ ಸಮೇತ, ಚಹಾ ಆರುವ ಮೊದಲೇ ದಡ ಸೇರಿದವು.

ಮನೆಯ ಬಾಗಿಲಲ್ಲೇ ಕಾದಿದ್ದಳು ಮಗಳು.

"ಅಪ್ಪಾ, ನನ್ನ ಹೆಸರು ಹೋತ?"

"ಹೋತವ್ವಾ. ಒಂದಕ್ಷರ ತಪ್ಪಿಲ್ಲ."

ಅವಳು ಅವನ ಮುಖವನ್ನೇ ನೋಡುತ್ತ ನಿಂತಳು. "ಮತ್ತ... ಮೀಸಿ?"

ದ್ಯಾಮಪ್ಪ ಗಂಟನ್ನು ಕೆಳಗಿಳಿಸಿ, ಬೋಳು ತುಟಿಯನ್ನು ಚಾದರದಲ್ಲಿ ಒರೆಸಿಕೊಂಡ.

"ಯೂನಿಕೋಡಿಗೆ ಹಾಕೂಮುಂದ ಅದೊಂದು ಬರಲಿಲ್ಲ."